ಜನಸಂಖ್ಯೆಗೆ ಹೋಲಿಸಿದರೆ ಅಮೆರಿಕದ ಯಾವ ರಾಜ್ಯ ಹೆಚ್ಚು ಫೆಡರಲ್ ತೆರಿಗೆ ಕೊಡುತ್ತದೆ: ಲೆಕ್ಕ ಹಾಕುವ ಕ್ರಮ

ಅಮೆರಿಕದಲ್ಲಿ ಬಜೆಟ್ ಚರ್ಚೆ ಕಾವೇರಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದ್ದು ಬರುತ್ತದೆ: ಜನಸಂಖ್ಯೆಯನ್ನು ಗಣನೆಗೆ ತೆಗೆದುಕೊಂಡರೆ ಫೆಡರಲ್ ಖಜಾನೆಗೆ, ಅಂದರೆ ಕೇಂದ್ರ ಸರ್ಕಾರದ ಖಜಾನೆಗೆ, ಅತಿ ಹೆಚ್ಚು ತೆರಿಗೆ ಕೊಡುವ ರಾಜ್ಯ ಯಾವುದು? ಡೆಲಾವೇರ್ ಎಂದು ಹೇಳುವವರಿದ್ದಾರೆ, ಮಿನೆಸೋಟ ಎನ್ನುವವರಿದ್ದಾರೆ, ಕನೆಕ್ಟಿಕಟ್ ಅಥವಾ ಮ್ಯಾಸಚೂಸೆಟ್ಸ್ ಎನ್ನುವವರೂ ಇದ್ದಾರೆ. ಎಲ್ಲರೂ ಸರ್ಕಾರಿ ಅಂಕಿಅಂಶಗಳನ್ನೇ ಮುಂದಿಡುತ್ತಾರೆ, ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ತೆರಿಗೆಯ ಹಣ ಯಾವ ವಿಳಾಸದಿಂದ ಹೊರಟಿತು ಎಂಬುದನ್ನು ಕೆಲವರು ಎಣಿಸುತ್ತಾರೆ, ಆ ತೆರಿಗೆಯ ಭಾರ ಯಾವ ರಾಜ್ಯದ ನಿವಾಸಿಗಳ ಮೇಲೆ ಬಿತ್ತು ಎಂಬುದನ್ನು ಇನ್ನು ಕೆಲವರು ಎಣಿಸುತ್ತಾರೆ. ಉತ್ತರ ಬದಲಾಗುವುದು ಇಲ್ಲಿಯೇ. ಈ ಎರಡೂ ಲೆಕ್ಕಗಳನ್ನು ಸ್ವತಃ ಮಾಡಿ ನೋಡುವ ವಿಧಾನವನ್ನು ಈ ಬರಹದಲ್ಲಿ ವಿವರಿಸಿದ್ದೇನೆ. ಬೇಕಾಗುವುದು ಒಂದು ಸ್ಪ್ರೆಡ್‌ಶೀಟ್, ಯಾರಿಗಾದರೂ ಉಚಿತವಾಗಿ ಸಿಗುವ ನಾಲ್ಕೈದು ಸರ್ಕಾರಿ ಕೋಷ್ಟಕಗಳು, ಮತ್ತು ಅಡಿಟಿಪ್ಪಣಿಗಳನ್ನು ಬಿಡದೆ ಓದುವಷ್ಟು ತಾಳ್ಮೆ.

ತೆರಿಗೆ ಕಟ್ಟುವವರು ಯಾರು

ಲೆಕ್ಕಕ್ಕೆ ಕೈ ಹಾಕುವ ಮೊದಲು ಒಂದು ಮಾತು ಸ್ಪಷ್ಟವಾಗಿರಬೇಕು. ಅಮೆರಿಕದ ರಾಜ್ಯ ಸರ್ಕಾರಗಳು ಫೆಡರಲ್ ಸರ್ಕಾರಕ್ಕೆ ಯಾವ ಕಪ್ಪವನ್ನೂ ಒಪ್ಪಿಸುವುದಿಲ್ಲ. ಫೆಡರಲ್ ತೆರಿಗೆಯನ್ನು ಆ ರಾಜ್ಯದಲ್ಲಿ ವಾಸಿಸುವ ವ್ಯಕ್ತಿಗಳೂ ಅಲ್ಲಿ ನೆಲೆಯೂರಿದ ಕಂಪನಿಗಳೂ ಆಂತರಿಕ ಕಂದಾಯ ಸೇವೆಗೆ, ಅಂದರೆ ಎಲ್ಲರೂ ಐಆರ್‌ಎಸ್ ಎಂದು ಕರೆಯುವ ಇಲಾಖೆಗೆ, ನೇರವಾಗಿ ಕಟ್ಟುತ್ತಾರೆ. ತೆರಿಗೆಯ ದರವೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದಿಲ್ಲ. ಮಿಸಿಸಿಪ್ಪಿಯಲ್ಲಿ ವರ್ಷಕ್ಕೆ 80,000 ಡಾಲರ್ ಗಳಿಸುವವನಿಗೂ ನ್ಯೂಜೆರ್ಸಿಯಲ್ಲಿ ಅಷ್ಟೇ ಗಳಿಸುವವನಿಗೂ ಅನ್ವಯಿಸುವ ಫೆಡರಲ್ ದರಪಟ್ಟಿ ಒಂದೇ. ಹಾಗಿದ್ದೂ ತಲಾ ತೆರಿಗೆಯಲ್ಲಿ ಅಂತರ ಕಾಣುವುದು ಹೆಚ್ಚು ಗಳಿಸುವ ಜನರು ಕೆಲವು ರಾಜ್ಯಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿರುವುದರಿಂದ, ಮತ್ತು ಆದಾಯ ಏರಿದಂತೆ ದರವೂ 10ರಿಂದ 37 ಪ್ರತಿಶತದವರೆಗೆ ಹಂತಹಂತವಾಗಿ ಏರುವುದರಿಂದ.

ಈ ಅಂತರ ಆಕಸ್ಮಿಕವಾಗಿ ಬಂದದ್ದಲ್ಲ. ಅಮೆರಿಕದ ಮೂಲ ಸಂವಿಧಾನದ ಪ್ರಕಾರ ಫೆಡರಲ್ ಸರ್ಕಾರ ವಿಧಿಸುವ ನೇರ ತೆರಿಗೆಯನ್ನು ರಾಜ್ಯಗಳ ನಡುವೆ ಜನಸಂಖ್ಯೆಯ ಅನುಪಾತದಲ್ಲಿ ಹಂಚಬೇಕಿತ್ತು. 1894ರಲ್ಲಿ ಸಂಸತ್ತು ಆದಾಯ ತೆರಿಗೆಯ ಕಾನೂನು ಮಾಡಿದಾಗ, ಮರುವರ್ಷವೇ ಸುಪ್ರೀಂ ಕೋರ್ಟ್ ಪೊಲಾಕ್ ಪ್ರಕರಣದಲ್ಲಿ ಅದನ್ನು ಇದೇ ಆಧಾರದ ಮೇಲೆ ಅಸಿಂಧುಗೊಳಿಸಿತು. ಜನಸಂಖ್ಯೆಯಂತೆ ಹಂಚುವುದಾದರೆ ಸಮಾನ ಜನಸಂಖ್ಯೆಯ ಒಂದು ಬಡ ರಾಜ್ಯ ಮತ್ತು ಒಂದು ಶ್ರೀಮಂತ ರಾಜ್ಯ ಸಮಾನ ಮೊತ್ತವನ್ನು ಕೂಡಿಸಬೇಕಾಗುತ್ತದೆ. ಅಂದರೆ ಬಡ ರಾಜ್ಯದ ಜನ ತಮ್ಮ ಗಳಿಕೆಯಲ್ಲಿ ಹೆಚ್ಚಿನ ಪಾಲನ್ನು ಕಳೆದುಕೊಳ್ಳುತ್ತಾರೆ. 1913ರಲ್ಲಿ ಅಂಗೀಕಾರವಾದ 16ನೇ ತಿದ್ದುಪಡಿ ಈ ಕಟ್ಟನ್ನು ತೆಗೆದುಹಾಕಿ, ರಾಜ್ಯಗಳ ನಡುವೆ ಹಂಚಿಕೆಯ ಗೊಡವೆಯಿಲ್ಲದೆ, ಜನಗಣತಿಯ ಲೆಕ್ಕಕ್ಕೆ ಕಾಯದೆ ಆದಾಯದ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಕೊಟ್ಟಿತು. ತಲಾ ತೆರಿಗೆಯ ಪಟ್ಟಿಯಲ್ಲಿ ಇಂದು ಕಾಣುವ ಏರುಪೇರು ಆ ತಿದ್ದುಪಡಿಯ ನೇರ ಫಲ ಎಂಬುದನ್ನು ನೆನಪಿಟ್ಟುಕೊಂಡರೆ, ಅದನ್ನು ಒಂದು ರಾಜ್ಯದ ಔದಾರ್ಯ ಅಥವಾ ಇನ್ನೊಂದರ ಸೋಮಾರಿತನ ಎಂದು ಓದುವ ಪ್ರಮಾದ ಆಗುವುದಿಲ್ಲ.

ಮೊದಲ ಲೆಕ್ಕ: ಹಣ ಹೊರಟ ವಿಳಾಸ

ಐಆರ್‌ಎಸ್ ಪ್ರತಿವರ್ಷ ‘ಡೇಟಾ ಬುಕ್’ ಎಂಬ ಅಂಕಿಅಂಶ ಸಂಪುಟವನ್ನು ಪ್ರಕಟಿಸುತ್ತದೆ. ಅದರ 5ನೇ ಕೋಷ್ಟಕದಲ್ಲಿ ತೆರಿಗೆಯ ಬಗೆ ಮತ್ತು ರಾಜ್ಯಕ್ಕೆ ಅನುಗುಣವಾಗಿ ಒಟ್ಟು ಸಂಗ್ರಹದ ವಿವರವಿರುತ್ತದೆ. ವ್ಯಕ್ತಿಗಳ ಆದಾಯ ತೆರಿಗೆ, ಸಂಬಳದಿಂದ ಮೂಲದಲ್ಲೇ ಕಡಿತವಾದ ಮೊತ್ತ, ಸೋಶಿಯಲ್ ಸೆಕ್ಯುರಿಟಿ ಎಂಬ ಪಿಂಚಣಿ ಯೋಜನೆ ಮತ್ತು ಮೆಡಿಕೇರ್ ಎಂಬ ಹಿರಿಯರ ಆರೋಗ್ಯ ವಿಮೆಯ ವಂತಿಗೆ, ಕಂಪನಿಗಳ ಆದಾಯ ತೆರಿಗೆ, ಎಕ್ಸೈಸ್ ಸುಂಕ, ಮೃತರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ, ಉಡುಗೊರೆ ತೆರಿಗೆ, ನಿರುದ್ಯೋಗ ವಿಮೆಯ ತೆರಿಗೆ ಇವೆಲ್ಲ ಅದರಲ್ಲಿ ಸೇರಿರುತ್ತವೆ. ಅಂಕಿಗಳು ಸಾವಿರ ಡಾಲರ್‌ಗಳಲ್ಲಿರುವುದನ್ನು ಗಮನಿಸಿ, ಸ್ಪ್ರೆಡ್‌ಶೀಟಿಗೆ ಇಳಿಸಿದ ಕೂಡಲೇ ಸಾವಿರದಿಂದ ಗುಣಿಸಿಕೊಳ್ಳುವುದು ಒಳ್ಳೆಯದು.

ಜನಸಂಖ್ಯೆಗೆ ಜನಗಣತಿ ಕಾರ್ಯಾಲಯದ ವಾರ್ಷಿಕ ಅಂದಾಜನ್ನು ಬಳಸಬೇಕು. ಅದು ಆಯಾ ವರ್ಷದ ಜುಲೈ 1ರ ಲೆಕ್ಕ. ಫೆಡರಲ್ ಹಣಕಾಸು ವರ್ಷವಾದರೋ ಹಿಂದಿನ ವರ್ಷದ ಅಕ್ಟೋಬರ್ 1ಕ್ಕೆ ಆರಂಭವಾಗಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಹೀಗಾಗಿ 2015ರ ಹಣಕಾಸು ವರ್ಷ ಎಂದರೆ 2014ರ ಅಕ್ಟೋಬರ್‌ನಿಂದ 2015ರ ಸೆಪ್ಟೆಂಬರ್‌ವರೆಗೆ. ಅದಕ್ಕೆ 2015ರ ಜುಲೈ ಅಂದಾಜು ಹೊಂದಿಕೆಯಾಗುತ್ತದೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯ ಅಂಕಿಯನ್ನು ಮುಂದಿನ ಒಂಬತ್ತು ವರ್ಷಕ್ಕೂ ಎಳೆದು ತರುವವರಿದ್ದಾರೆ. ಟೆಕ್ಸಾಸ್, ಫ್ಲೋರಿಡಾಗಳಂತೆ ವೇಗವಾಗಿ ಬೆಳೆಯುವ ರಾಜ್ಯಗಳ ವಿಷಯದಲ್ಲಿ ಇದರಿಂದ ತಲಾ ಮೊತ್ತ ವಾಸ್ತವಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಅಭ್ಯಾಸಕ್ಕೆ 2015ನ್ನೇ ತೆಗೆದುಕೊಳ್ಳೋಣ. ಕೋವಿಡ್ ಕಾಲದ ಏರಿಳಿತವಾಗಲಿ, 2017ರ ಕೊನೆಯಲ್ಲಿ ಬಂದ ದೊಡ್ಡ ತೆರಿಗೆ ಕಾನೂನಿನ ಪ್ರಭಾವವಾಗಲಿ ಇಲ್ಲದ ವರ್ಷ ಅದು. ಆ ವರ್ಷ ಐಆರ್‌ಎಸ್‌ನ ಒಟ್ಟು ಸಂಗ್ರಹ ಸುಮಾರು 3.3 ಲಕ್ಷ ಕೋಟಿ ಡಾಲರ್; ದೇಶದ ಜನಸಂಖ್ಯೆ ಸುಮಾರು 32 ಕೋಟಿ. ರಾಷ್ಟ್ರೀಯ ಸರಾಸರಿ ತಲೆಗೆ 10,300 ಡಾಲರ್‌ನ ಆಸುಪಾಸಿನಲ್ಲಿ ಬರುತ್ತದೆ. ಕ್ಯಾಲಿಫೋರ್ನಿಯಾದಿಂದ ಸಂಗ್ರಹವಾದದ್ದು ಸುಮಾರು 40,600 ಕೋಟಿ ಡಾಲರ್, ಅಂದರೆ ಯಾವ ರಾಜ್ಯಕ್ಕಿಂತಲೂ ಹೆಚ್ಚು; ಆದರೆ ಅಲ್ಲಿನ ಸುಮಾರು 3.9 ಕೋಟಿ ಜನರಿಂದ ಭಾಗಿಸಿದರೆ ತಲೆಗೆ 10,400 ಡಾಲರ್ ಬಂದು, ಆ ರಾಜ್ಯ ರಾಷ್ಟ್ರೀಯ ಸರಾಸರಿಯ ಹತ್ತಿರವೇ ನಿಲ್ಲುತ್ತದೆ. ಸುಮಾರು 28,000 ಕೋಟಿ ಕೊಟ್ಟ ಟೆಕ್ಸಾಸ್‌ನ ಕಥೆಯೂ ಅದೇ. ನ್ಯೂಯಾರ್ಕ್ ಸುಮಾರು 27,000 ಕೋಟಿಯೊಡನೆ ತಲೆಗೆ 13,600ರ ಆಸುಪಾಸಿಗೆ ಏರುತ್ತದೆ, ನ್ಯೂಜೆರ್ಸಿ 17,000ವನ್ನು ಮುಟ್ಟುತ್ತದೆ. ಮಿನೆಸೋಟದ 55 ಲಕ್ಷ ಜನರ ಹೆಸರಿನಲ್ಲಿ ಸುಮಾರು 10,700 ಕೋಟಿ ಡಾಲರ್ ದಾಖಲಾಗಿ ತಲಾ ಮೊತ್ತ 19,000 ದಾಟುತ್ತದೆ. ಆಗ ಹತ್ತು ಲಕ್ಷಕ್ಕೂ ಕಡಿಮೆ ಜನರಿದ್ದ ಡೆಲಾವೇರ್ ಸುಮಾರು 2,200 ಕೋಟಿ ಡಾಲರ್‌ನೊಡನೆ ತಲೆಗೆ 23,000ದಷ್ಟು ತೋರಿಸಿ ರಾಜ್ಯಗಳ ಸಾಲಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಅದಕ್ಕೂ ಮೇಲೆ ಇರುವುದು ರಾಜಧಾನಿ ವಾಷಿಂಗ್ಟನ್ ಡಿ.ಸಿ. ಅದು ರಾಜ್ಯವಲ್ಲ, ಒಂದು ನಗರ. ಅಲ್ಲಿ ಕೆಲಸ ಮಾಡುವವರಲ್ಲಿ ಬಹಳಷ್ಟು ಜನ ಮೇರಿಲ್ಯಾಂಡ್ ಮತ್ತು ವರ್ಜೀನಿಯಾಗಳಿಂದ ದಿನನಿತ್ಯ ಬಂದು ಹೋಗುವವರು. ಅದನ್ನು ರಾಜ್ಯಗಳೊಡನೆ ಸಾಲಿನಲ್ಲಿ ನಿಲ್ಲಿಸದೆ ಪ್ರತ್ಯೇಕವಾಗಿ ತೋರಿಸುವುದು ಸರಿ.

ತಲಾ ಮೊತ್ತದ ಜೊತೆಗೆ ಇನ್ನೊಂದು ಕಾಲಂ ಸೇರಿಸಿಕೊಳ್ಳಿ: ದೇಶದ ಒಟ್ಟು ತೆರಿಗೆಯಲ್ಲಿ ರಾಜ್ಯದ ಪಾಲನ್ನು ದೇಶದ ಜನಸಂಖ್ಯೆಯಲ್ಲಿ ಅದರ ಪಾಲಿನಿಂದ ಭಾಗಿಸಿದಾಗ ಬರುವ ಸಂಖ್ಯೆ. ಅದು 1 ಆದರೆ ರಾಜ್ಯ ತನ್ನ ಜನಬಲಕ್ಕೆ ತಕ್ಕಷ್ಟೇ ಕೊಡುತ್ತಿದೆ ಎಂದರ್ಥ. 2015ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಇದು 1ಕ್ಕೆ ಬಹಳ ಸಮೀಪ, ಡೆಲಾವೇರ್‌ಗೆ 2.2ರ ಮೇಲೆ. ಡಾಲರ್ ಮೊತ್ತ ಬೆಲೆಯೇರಿಕೆಯೊಡನೆ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ. ಈ ಅನುಪಾತಕ್ಕೆ ಆ ತೊಂದರೆಯಿಲ್ಲದ ಕಾರಣ ಹತ್ತು ವರ್ಷಗಳ ಅಂತರದ ಎರಡು ಕೋಷ್ಟಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಬಹುಪಾಲು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಇಲ್ಲಿ ನಿಲ್ಲಿಸಬಾರದು ಎಂಬುದೇ ನನ್ನ ಮುಖ್ಯ ಮಾತು.

ಅರ್ಕಾನ್ಸಾ ಮತ್ತು ಮಿಸಿಸಿಪ್ಪಿ

ಕೋಷ್ಟಕದಲ್ಲಿ ಈ ಎರಡು ಸಾಲುಗಳನ್ನು ಹತ್ತಿರದಿಂದ ನೋಡಿ. ಎರಡೂ ಮಿಸಿಸಿಪ್ಪಿ ನದಿಯ ಆಚೀಚೆ ದಡಗಳಲ್ಲಿರುವ ನೆರೆಯ ರಾಜ್ಯಗಳು. 2020ರ ಜನಗಣತಿಯಲ್ಲಿ ಅರ್ಕಾನ್ಸಾದ ಜನಸಂಖ್ಯೆ 30,11,524, ಮಿಸಿಸಿಪ್ಪಿಯದು 29,61,279. ತಲಾ ಆದಾಯದಲ್ಲಿ ಎರಡೂ ದೇಶದ ಕೆಳತುದಿಯ ಗುಂಪಿಗೆ ಸೇರಿದವು. ಅರ್ಕಾನ್ಸಾ ಸ್ವಲ್ಪ ಮೇಲಿದೆ, ಅಷ್ಟೆ. ಹೀಗಿರುವಾಗ 2015ರ ಐಆರ್‌ಎಸ್ ಕೋಷ್ಟಕದಲ್ಲಿ ಅರ್ಕಾನ್ಸಾದ ಒಟ್ಟು ಸಂಗ್ರಹ ಮಿಸಿಸಿಪ್ಪಿಯ ಎರಡು ಪಟ್ಟಿಗೂ ಹೆಚ್ಚಿದೆ. ಅಲ್ಲಿನ ಜನ ಮಿಸಿಸಿಪ್ಪಿಯವರಿಗಿಂತ ಎರಡು ಪಟ್ಟು ತೆರಿಗೆ ಕಟ್ಟುವಷ್ಟು ಶ್ರೀಮಂತರೇ? ಅಲ್ಲ. ಅರ್ಕಾನ್ಸಾದ ಬೆಂಟನ್‌ವಿಲ್‌ನಲ್ಲಿ ವಾಲ್‌ಮಾರ್ಟ್‌ನ ಕೇಂದ್ರ ಕಚೇರಿಯಿದೆ. ದೇಶದ ಉದ್ದಗಲಕ್ಕೂ ಇರುವ ಮಳಿಗೆಗಳಲ್ಲಿ ಗಳಿಸಿದ ಲಾಭದ ಮೇಲಿನ ತೆರಿಗೆಯಾಗಲಿ, ಕೇಂದ್ರ ಕಚೇರಿಯ ವಿಳಾಸದಲ್ಲಿ ಸಲ್ಲಿಕೆಯಾಗುವ ಸಂಬಳದ ಕಡಿತವಾಗಲಿ ದಾಖಲಾಗುವುದು ಆ ವಿಳಾಸದ ರಾಜ್ಯದ ಹೆಸರಿನಲ್ಲಿ. ಮಿಸಿಸಿಪ್ಪಿಯ ಮಳಿಗೆಯೊಂದರಲ್ಲಿ ದುಡಿಯುವವರ ಸಂಬಳದಿಂದ ಕಡಿತವಾದ ತೆರಿಗೆ ಹೀಗೆ ಅರ್ಕಾನ್ಸಾದ ಖಾತೆಗೆ ಹೋಗಬಹುದು.

ಐಆರ್‌ಎಸ್ ಇದನ್ನು ಮುಚ್ಚಿಟ್ಟಿಲ್ಲ. ಕೋಷ್ಟಕದ ಅಡಿಟಿಪ್ಪಣಿಯಲ್ಲಿ ಎಲ್ಲವನ್ನೂ ಹೇಳಿದೆ: ರಾಜ್ಯದ ವಿಂಗಡಣೆಗೆ ಆಧಾರ ವ್ಯಕ್ತಿಯ ವಿಳಾಸ ಅಥವಾ ಕಂಪನಿಯ ಪ್ರಧಾನ ಕಚೇರಿ, ಕೆಲವರು ತಮ್ಮ ವಕೀಲರ ಅಥವಾ ಲೆಕ್ಕಿಗರ ವಿಳಾಸವನ್ನು ಕೊಟ್ಟಿರುತ್ತಾರೆ, ಗಡಿಯ ಸಮೀಪದ ಮಾಲೀಕರು ಕಡಿತ ಮಾಡುವ ತೆರಿಗೆಯಲ್ಲಿ ನೆರೆರಾಜ್ಯದ ನೌಕರರ ಪಾಲು ಗಣನೀಯವಾಗಿರಬಹುದು, ಕಂಪನಿ ಒಂದು ರಾಜ್ಯದಿಂದ ತೆರಿಗೆ ಕಟ್ಟಿದರೂ ಅದರ ವಹಿವಾಟು ಬೇರೆ ರಾಜ್ಯಗಳಲ್ಲಿ ಇರಬಹುದು. ಮಿನೆಸೋಟ ಪಟ್ಟಿಯಲ್ಲಿ ಅಷ್ಟು ಎತ್ತರಕ್ಕೆ ಏರಿರುವುದನ್ನು ಈ ಟಿಪ್ಪಣಿಯ ಬೆಳಕಿನಲ್ಲಿ ನೋಡಬೇಕು. ಯುನೈಟೆಡ್‌ಹೆಲ್ತ್, ಟಾರ್ಗೆಟ್, 3ಎಂ ಮುಂತಾದ ದೊಡ್ಡ ಕಂಪನಿಗಳ ಪ್ರಧಾನ ಕಚೇರಿಗಳಿರುವುದು ಅಲ್ಲಿ. ಡೆಲಾವೇರ್‌ನ ವಿಷಯದಲ್ಲಿ, ಆ ರಾಜ್ಯದ ಕಾನೂನಿನಡಿ ಕಂಪನಿಯ ನೋಂದಣಿಯಾಗಿದೆ ಎಂಬುದಷ್ಟೇ ತೆರಿಗೆಯನ್ನು ಅಲ್ಲಿಗೆ ಎಳೆಯುವುದಿಲ್ಲ. ಆದರೆ 1981ರಲ್ಲಿ ಆ ರಾಜ್ಯ ಬ್ಯಾಂಕುಗಳನ್ನು ಆಕರ್ಷಿಸುವ ಕಾನೂನು ಮಾಡಿದ ಮೇಲೆ ವಿಲ್ಮಿಂಗ್ಟನ್ ನಗರಕ್ಕೆ ದೊಡ್ಡ ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ವಿಭಾಗಗಳು ಬಂದು ನೆಲೆಯೂರಿದವು. ಹತ್ತು ಲಕ್ಷದ ಆಸುಪಾಸಿನ ಜನಸಂಖ್ಯೆಯ ರಾಜ್ಯದಲ್ಲಿ ಇಂಥ ಕೆಲವೇ ಕಚೇರಿಗಳು ತಲಾ ಸರಾಸರಿಯನ್ನು ಮೇಲಕ್ಕೆತ್ತಲು ಸಾಕು.

ಇನ್ನೊಂದು ಎಚ್ಚರಿಕೆ. ಅದು ಮರುಪಾವತಿಯನ್ನು ಕಳೆಯದ ಸಂಗ್ರಹದ ಕೋಷ್ಟಕ. 2023ರ ಹಣಕಾಸು ವರ್ಷದಲ್ಲಿ ಒಟ್ಟು ಸಂಗ್ರಹ ಸುಮಾರು 4.7 ಲಕ್ಷ ಕೋಟಿ ಡಾಲರ್ ಇದ್ದರೆ, ತೆರಿಗೆದಾರರಿಗೆ ಹಿಂದಿರುಗಿಸಿದ ಮೊತ್ತ ಸುಮಾರು 65,900 ಕೋಟಿ ಡಾಲರ್ ಇತ್ತು. ಮಕ್ಕಳಿರುವ, ಕಡಿಮೆ ಆದಾಯದ ಕುಟುಂಬಗಳಿಗೆ ಸಿಗುವ ತೆರಿಗೆ ವಿನಾಯಿತಿಗಳು ಹಲವು ಬಾರಿ ಮರುಪಾವತಿಯ ರೂಪದಲ್ಲೇ ಬರುವುದರಿಂದ, ಇದನ್ನು ಕಳೆಯದೆ ಬಿಟ್ಟರೆ ಬಡ ರಾಜ್ಯಗಳು ತಾವು ಕೊಟ್ಟದ್ದಕ್ಕಿಂತ ಹೆಚ್ಚು ಕೊಟ್ಟಂತೆ ಕಾಣುತ್ತವೆ.

ಎರಡನೇ ಲೆಕ್ಕ: ಭಾರ ಹೊತ್ತವರ ನೆಲೆ

ಈ ಲೆಕ್ಕದಲ್ಲಿ ಪ್ರತಿಯೊಂದು ಬಗೆಯ ತೆರಿಗೆಯನ್ನೂ ಬೇರೆ ಬೇರೆಯಾಗಿ ಎತ್ತಿಕೊಂಡು, ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂದು ಕೇಳಿ, ಅವರು ವಾಸಿಸುವ ರಾಜ್ಯಕ್ಕೆ ಹಂಚಬೇಕು. ಯಾವುದಕ್ಕೆ ಎಷ್ಟು ಶ್ರಮ ಹಾಕಬೇಕೆಂಬುದು ಮೊತ್ತದ ಗಾತ್ರದಿಂದಲೇ ತಿಳಿಯುತ್ತದೆ. 2024ರ ಹಣಕಾಸು ವರ್ಷದಲ್ಲಿ ಫೆಡರಲ್ ಸರ್ಕಾರದ ಆದಾಯ ಸುಮಾರು 4.9 ಲಕ್ಷ ಕೋಟಿ ಡಾಲರ್. ಅದರಲ್ಲಿ ವ್ಯಕ್ತಿಗಳ ಆದಾಯ ತೆರಿಗೆ ಸುಮಾರು 2.4 ಲಕ್ಷ ಕೋಟಿ, ಸಂಬಳದ ಮೇಲಿನ ವಂತಿಗೆ ಸುಮಾರು 1.7 ಲಕ್ಷ ಕೋಟಿ, ಕಂಪನಿಗಳ ಆದಾಯ ತೆರಿಗೆ ಸುಮಾರು 53,000 ಕೋಟಿ. ಮೊದಲ ಎರಡನ್ನು ಸರಿಯಾಗಿ ಹಂಚಿದರೆ ಆದಾಯದ ಐದರಲ್ಲಿ ನಾಲ್ಕು ಭಾಗಕ್ಕಿಂತ ಹೆಚ್ಚಿನದು ಸರಿಯಾದಂತೆಯೇ.

ವ್ಯಕ್ತಿಗಳ ಆದಾಯ ತೆರಿಗೆಗೆ ಐಆರ್‌ಎಸ್‌ನ ಅಂಕಿಅಂಶ ವಿಭಾಗ ಪ್ರಕಟಿಸುವ ‘ಹಿಸ್ಟಾರಿಕ್ ಟೇಬಲ್ 2’ ಅತ್ಯಂತ ಉಪಯುಕ್ತ. ಅದು ತೆರಿಗೆದಾರರು ತಮ್ಮ ರಿಟರ್ನ್‌ನಲ್ಲಿ ಬರೆದ ಮನೆಯ ವಿಳಾಸವನ್ನು ಆಧರಿಸಿ, ಪ್ರತಿ ರಾಜ್ಯಕ್ಕೂ ಆದಾಯದ ಹಂತಗಳ ಪ್ರಕಾರ ರಿಟರ್ನ್‌ಗಳ ಸಂಖ್ಯೆ, ಸಂಬಳ, ಲಾಭಾಂಶ, ಬಂಡವಾಳ ಲಾಭ ಮತ್ತು ಅಂತಿಮ ತೆರಿಗೆ ಹೊಣೆಯನ್ನು ಕೊಡುತ್ತದೆ. ನ್ಯೂಯಾರ್ಕ್ ನಗರದ ಕಚೇರಿಯಲ್ಲಿ ದುಡಿದು ನ್ಯೂಜೆರ್ಸಿಯ ಮನೆಗೆ ಮರಳುವವರ ತೆರಿಗೆ ಇಲ್ಲಿ ನ್ಯೂಜೆರ್ಸಿಯ ಲೆಕ್ಕಕ್ಕೇ ಸೇರುತ್ತದೆ. ಈ ಕೋಷ್ಟಕ ಅನುಸರಿಸುವುದು ಜನವರಿಯಿಂದ ಡಿಸೆಂಬರ್‌ವರೆಗಿನ ತೆರಿಗೆ ವರ್ಷವನ್ನು. ಹಣಕಾಸು ವರ್ಷದ ಅಂಕಿಗಳೊಡನೆ ಅದನ್ನು ನೇರವಾಗಿ ಕೂಡಿಸದೆ, ಪ್ರತಿ ರಾಜ್ಯದ ಶೇಕಡಾವಾರು ಪಾಲನ್ನು ಮಾತ್ರ ತೆಗೆದುಕೊಂಡು ಆ ಪಾಲಿನಿಂದ ಫೆಡರಲ್ ಮೊತ್ತವನ್ನು ಹಂಚುವುದು ಸರಿಯಾದ ದಾರಿ. ಸಿದ್ಧ ಅಂಕಿ ಬೇಕೆನ್ನುವವರು ಆರ್ಥಿಕ ವಿಶ್ಲೇಷಣಾ ಕಾರ್ಯಾಲಯದ, ಅಂದರೆ ಬಿಇಎಯ, ಎಸ್‌ಎಐಎನ್‌ಸಿ50 ಕೋಷ್ಟಕವನ್ನು ನೋಡಬಹುದು. ಅದರಲ್ಲಿ ರಾಜ್ಯದ ನಿವಾಸಿಗಳು ಕಟ್ಟಿದ ಫೆಡರಲ್ ಆದಾಯ ತೆರಿಗೆಯು ಮರುಪಾವತಿಯನ್ನು ಕಳೆದ ರೂಪದಲ್ಲೇ ಸಿಗುತ್ತದೆ.

ಸಂಬಳದ ಮೇಲಿನ ವಂತಿಗೆಗೆ ಬಿಇಎಯ ರಾಜ್ಯವಾರು ಅಂಕಿಗಳೇ ಸಾಕು. ಸೋಶಿಯಲ್ ಸೆಕ್ಯುರಿಟಿಗೆ ನೌಕರನಿಂದ 6.2 ಪ್ರತಿಶತ ಮತ್ತು ಮಾಲೀಕನಿಂದ ಅಷ್ಟೇ, ಮೆಡಿಕೇರ್‌ಗೆ ಇಬ್ಬರಿಂದಲೂ ತಲಾ 1.45 ಪ್ರತಿಶತ ಕಡಿತವಾಗುತ್ತದೆ. ಮಾಲೀಕನ ಪಾಲು ಕೊನೆಗೆ ಕಡಿಮೆ ಸಂಬಳದ ರೂಪದಲ್ಲಿ ನೌಕರನ ಮೇಲೆಯೇ ಬೀಳುತ್ತದೆಂದು ಅರ್ಥಶಾಸ್ತ್ರಜ್ಞರು ಸಾಮಾನ್ಯವಾಗಿ ಎಣಿಸುವುದರಿಂದ ಎರಡನ್ನೂ ನೌಕರನ ವಾಸಸ್ಥಳಕ್ಕೇ ಸೇರಿಸಬೇಕು. ಸೋಶಿಯಲ್ ಸೆಕ್ಯುರಿಟಿ ವಂತಿಗೆಗೆ ಮೇಲ್ಮಿತಿಯಿದೆ, 2024ರಲ್ಲಿ ಅದು 1,68,600 ಡಾಲರ್ ಸಂಬಳ. ಅದರ ಮೇಲಿನ ಗಳಿಕೆಗೆ ಈ ವಂತಿಗೆ ಇಲ್ಲ. ಆದ್ದರಿಂದಲೇ ಆದಾಯ ತೆರಿಗೆಯಲ್ಲಿ ರಾಜ್ಯಗಳ ನಡುವೆ ಕಾಣುವಷ್ಟು ದೊಡ್ಡ ಅಂತರ ವಂತಿಗೆಯಲ್ಲಿ ಕಾಣುವುದಿಲ್ಲ.

ಕಂಪನಿ ತೆರಿಗೆ ಸ್ವಲ್ಪ ಕಠಿಣ, ಏಕೆಂದರೆ ಕಂಪನಿ ಎಂಬುದು ಕಾಗದದ ಮೇಲಿನ ವ್ಯಕ್ತಿ. ತೆರಿಗೆಯನ್ನು ನಿಜವಾಗಿ ಹೊರುವವರು ಅದರ ಷೇರುದಾರರು ಮತ್ತು ಒಂದಿಷ್ಟು ಮಟ್ಟಿಗೆ ಅದರ ನೌಕರರು. ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಬಜೆಟ್ ಕಚೇರಿಯು ತನ್ನ ಅಧ್ಯಯನಗಳಲ್ಲಿ ಈ ತೆರಿಗೆಯ 75 ಪ್ರತಿಶತವನ್ನು ಬಂಡವಾಳದ ಮೇಲೂ 25 ಪ್ರತಿಶತವನ್ನು ದುಡಿಮೆಯ ಮೇಲೂ ಹೇರುತ್ತದೆ. ಇದನ್ನೇ ಅನುಸರಿಸಿ, ಮುಕ್ಕಾಲು ಭಾಗವನ್ನು ಪ್ರತಿ ರಾಜ್ಯದ ನಿವಾಸಿಗಳ ಲಾಭಾಂಶ, ಬಡ್ಡಿ ಮತ್ತು ಬಂಡವಾಳ ಲಾಭದ ಅನುಪಾತದಲ್ಲಿ, ಕಾಲು ಭಾಗವನ್ನು ಸಂಬಳದ ಅನುಪಾತದಲ್ಲಿ ಹಂಚಿ. ಹೀಗೆ ಮಾಡಿದ ಕ್ಷಣವೇ ಬೆಂಟನ್‌ವಿಲ್‌ನ ಮೂಲಕ ಹೋದ ಕಂಪನಿ ತೆರಿಗೆ ದೇಶದೆಲ್ಲೆಡೆ ಚದುರಿರುವ ಷೇರುದಾರರ ರಾಜ್ಯಗಳಿಗೆ ಹೊರಳುತ್ತದೆ. ಬಂಡವಾಳದ ಪಾಲನ್ನು 75ರಿಂದ 82ಕ್ಕೆ ಏರಿಸಿ, ಖಜಾನೆ ಇಲಾಖೆಯ ವಿಶ್ಲೇಷಕರು ಬಳಸಿದ ಪ್ರಮಾಣದಲ್ಲೂ ಒಮ್ಮೆ ಲೆಕ್ಕ ಹಾಕಿ. ಕ್ರಮಾಂಕ ಬದಲಾಗದಿದ್ದರೆ ನಿಮ್ಮ ಫಲಿತಾಂಶ ಈ ಊಹೆಯ ಮೇಲೆ ನಿಂತಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಎಕ್ಸೈಸ್ ಸುಂಕ ಚಿಕ್ಕದು. ಪೆಟ್ರೋಲಿನ ಮೇಲಿನ ಫೆಡರಲ್ ಸುಂಕ 1993ರಿಂದಲೂ ಗ್ಯಾಲನ್‌ಗೆ 18.4 ಸೆಂಟ್ ಆಗಿಯೇ ಉಳಿದಿದೆ. ಅದನ್ನು ಕಟ್ಟುವವರು ತೈಲ ಕಂಪನಿಗಳಾದರೂ ಭಾರ ಬೀಳುವುದು ವಾಹನ ಓಡಿಸುವವರ ಮೇಲೆ. ಹೆದ್ದಾರಿ ಆಡಳಿತದ ವಾರ್ಷಿಕ ಅಂಕಿಅಂಶಗಳಲ್ಲಿ ಎಫ್‌ಇ-9 ಎಂಬ ಕೋಷ್ಟಕ ಈ ಹಣವನ್ನು ವಾಹನ ಬಳಕೆದಾರರ ರಾಜ್ಯಕ್ಕೆ ಹಂಚಿಯೇ ಕೊಡುತ್ತದೆ. ಮೃತರ ಆಸ್ತಿಯ ಮೇಲಿನ ತೆರಿಗೆಯಂಥ ಉಳಿದ ಚಿಲ್ಲರೆ ಬಾಬ್ತುಗಳನ್ನು ಐಆರ್‌ಎಸ್ ಕೋಷ್ಟಕದಲ್ಲಿರುವಂತೆಯೇ ಬಿಟ್ಟರೂ ಫಲಿತಾಂಶ ಕೆಡುವುದಿಲ್ಲ.

ಫಲಿತಾಂಶವನ್ನು ಓದುವುದು

ಈ ಎರಡನೇ ಲೆಕ್ಕದಲ್ಲಿ ಪಟ್ಟಿಯ ಮೇಲ್ತುದಿ ಬದಲಾಗುತ್ತದೆ. ನ್ಯೂಯಾರ್ಕ್ ರಾಜ್ಯದ ರಾಕ್‌ಫೆಲರ್ ಸರ್ಕಾರಿ ಅಧ್ಯಯನ ಸಂಸ್ಥೆ ಇದೇ ಬಗೆಯ ಹಂಚಿಕೆಯನ್ನು ಅನುಸರಿಸಿ ಹೊರತಂದ ವರದಿಗಳಲ್ಲಿ ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ತಲಾ ಲೆಕ್ಕದಲ್ಲಿ ಮುಂಚೂಣಿಯಲ್ಲಿವೆ. ಮಿಸಿಸಿಪ್ಪಿ ಮತ್ತು ವೆಸ್ಟ್ ವರ್ಜೀನಿಯಾ ಕೆಳತುದಿಯಲ್ಲಿವೆ. ಕನೆಕ್ಟಿಕಟ್ ಮೇಲೇರಲು ಕಾರಣ ತಿಳಿಯಬೇಕಾದರೆ ಐಆರ್‌ಎಸ್ ಕೊಡುವ ಕೌಂಟಿ, ಅಂದರೆ ಜಿಲ್ಲಾ, ಮಟ್ಟದ ಅಂಕಿಗಳಿಗೆ ಇಳಿದು ಫೇರ್‌ಫೀಲ್ಡ್ ಕೌಂಟಿಯನ್ನು ನೋಡಬೇಕು. ನ್ಯೂಯಾರ್ಕ್ ನಗರಕ್ಕೆ ರೈಲಿನಲ್ಲಿ ಹೋಗಿಬರುವ ಹಣಕಾಸು ವೃತ್ತಿಯವರು ವಾಸಿಸುವ ಸ್ಥಳಗಳು ಅಲ್ಲಿವೆ. ಗ್ರೆನಿಚ್ ಪಟ್ಟಣದಲ್ಲಿ ಹೂಡಿಕೆ ನಿಧಿಗಳನ್ನು ನಡೆಸುವ ಹಲವರು ನೆಲೆಸಿದ್ದಾರೆ.

ಇಲ್ಲಿ ಸರಾಸರಿ ಎಂಬ ಸಂಖ್ಯೆ ಎಷ್ಟನ್ನು ಮರೆಮಾಚುತ್ತದೆ ಎಂಬುದನ್ನೂ ಗಮನಿಸಬೇಕು. ಇಡೀ ದೇಶದಲ್ಲಿ ವ್ಯಕ್ತಿಗಳ ಆದಾಯ ತೆರಿಗೆಯ 40 ಪ್ರತಿಶತಕ್ಕೂ ಹೆಚ್ಚು ಪಾಲನ್ನು, 2021ರಲ್ಲಿ 45.8 ಪ್ರತಿಶತವನ್ನು, ಕಟ್ಟಿದವರು ಆದಾಯದಲ್ಲಿ ಮೇಲಿನ 1 ಪ್ರತಿಶತ ತೆರಿಗೆದಾರರು. ಇಂಥವರು ಎಲ್ಲಿ ಮನೆ ಮಾಡುತ್ತಾರೋ ಆ ರಾಜ್ಯದ ತಲಾ ಮೊತ್ತ ಜಿಗಿಯುತ್ತದೆ. 2020ರ ಜನಗಣತಿಯಲ್ಲಿ 5,76,851 ಜನರಷ್ಟೇ ಇದ್ದ ವಯೋಮಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಜ್ಯಾಕ್ಸನ್ ಪಟ್ಟಣವಿರುವ ಟೀಟನ್ ಕೌಂಟಿಯ ತಲಾ ಆದಾಯ ಅಮೆರಿಕದ ಎಲ್ಲ ಕೌಂಟಿಗಳಿಗಿಂತ ಹೆಚ್ಚು. ಷೇರು ಮಾರುಕಟ್ಟೆ ಏರಿದ ವರ್ಷ ಅಲ್ಲಿನ ಕೆಲವೇ ಕುಟುಂಬಗಳ ಬಂಡವಾಳ ಲಾಭ ಇಡೀ ರಾಜ್ಯದ ಸರಾಸರಿಯನ್ನು ಎತ್ತಿಬಿಡುತ್ತದೆ. ಕಲ್ಲಿದ್ದಲು ಗಣಿಯಲ್ಲಿ ದುಡಿಯುವ ವಯೋಮಿಂಗ್‌ನವನ ತೆರಿಗೆಗೂ ಆ ಏರಿಕೆಗೂ ಯಾವ ಸಂಬಂಧವೂ ಇಲ್ಲ. ಆದ್ದರಿಂದ ಒಂದೇ ವರ್ಷದ ಅಂಕಿಯನ್ನು ನೆಚ್ಚದೆ, ಕನಿಷ್ಠ ಮೂರು ವರ್ಷಗಳ ಸರಾಸರಿ ತೆಗೆಯಿರಿ.

ಭಾಗಿಸುವ ಸಂಖ್ಯೆಯ ಆಯ್ಕೆಯೂ ಕ್ರಮಾಂಕವನ್ನು ಬದಲಿಸುತ್ತದೆ. ಯೂಟಾದ ಮಧ್ಯಾಂಕ ವಯಸ್ಸು, ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಕಿರಿಯರಾಗಿರುವ ವಯಸ್ಸು, ದೇಶದಲ್ಲೇ ಅತ್ಯಂತ ಕಡಿಮೆ; ಮಕ್ಕಳ ಪಾಲು ಹೆಚ್ಚಿರುವುದರಿಂದ ತಲಾ ತೆರಿಗೆ ಕಡಿಮೆಯಾಗಿ ಕಾಣುತ್ತದೆ, ರಿಟರ್ನ್ ಒಂದಕ್ಕೆ ಎಷ್ಟು ಎಂದು ಲೆಕ್ಕ ಹಾಕಿದರೆ ಅದು ಮೇಲೆ ಬರುತ್ತದೆ. ರಾಜ್ಯದ ವೈಯಕ್ತಿಕ ಆದಾಯದಲ್ಲಿ ಫೆಡರಲ್ ತೆರಿಗೆಯ ಪಾಲೆಷ್ಟು ಎಂಬುದನ್ನೂ ಒಂದು ಕಾಲಂನಲ್ಲಿ ಬರೆದುಕೊಳ್ಳಿ. ಆಗ ಮೇಲಿನ ಮತ್ತು ಕೆಳಗಿನ ರಾಜ್ಯಗಳ ಅಂತರ ತಲಾ ಲೆಕ್ಕದಲ್ಲಿ ಕಂಡದ್ದಕ್ಕಿಂತ ಬಹಳ ಕಿರಿದಾಗುತ್ತದೆ, ಆದರೆ ದರ ಹಂತಹಂತವಾಗಿ ಏರುವ ಕಾರಣ ಪೂರ್ತಿ ಅಳಿಯುವುದಿಲ್ಲ. ಬೆಲೆಗಳ ವ್ಯತ್ಯಾಸವೂ ಇದೆ: ಫೆಡರಲ್ ದರಪಟ್ಟಿಯ ಹಂತಗಳು ಊರಿನ ಬೆಲೆಮಟ್ಟವನ್ನು ನೋಡುವುದಿಲ್ಲ. ದುಬಾರಿ ಬಾಡಿಗೆಯ ಬಾಸ್ಟನ್‌ನಲ್ಲಿ ಹೆಚ್ಚು ಸಂಬಳ ಪಡೆದು, ಅಗ್ಗದ ಊರಿನವರಂತೆಯೇ ಬದುಕುವ ಕುಟುಂಬ ಹೆಚ್ಚಿನ ತೆರಿಗೆ ಹಂತಕ್ಕೆ ಏರುತ್ತದೆ. ಬಿಇಎ ಪ್ರಕಟಿಸುವ ಪ್ರಾದೇಶಿಕ ಬೆಲೆ ಸಮಾನತೆಯ ಸೂಚ್ಯಂಕದಿಂದ ತಲಾ ಮೊತ್ತವನ್ನು ಭಾಗಿಸಿ ನೋಡಿದರೆ ಈಶಾನ್ಯದ ರಾಜ್ಯಗಳ ಮುನ್ನಡೆ ತಗ್ಗುತ್ತದೆ.

2017 ಮತ್ತು 2018ನ್ನು ಹೋಲಿಸುವವರು ಒಂದು ಬದಲಾವಣೆಯನ್ನು ಮರೆಯಬಾರದು. 2018ರಿಂದ ಕಂಪನಿ ತೆರಿಗೆಯ ದರ 21 ಪ್ರತಿಶತಕ್ಕೆ ಇಳಿಯಿತು, ರಾಜ್ಯ ಮತ್ತು ಸ್ಥಳೀಯ ತೆರಿಗೆಗಳಿಗೆ ಸಿಗುತ್ತಿದ್ದ ಕಡಿತಕ್ಕೆ 10,000 ಡಾಲರ್‌ಗಳ ಮಿತಿ ಬಂತು. ಈ ಮಿತಿ ನ್ಯೂಜೆರ್ಸಿ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಂತೆ ಸ್ವಂತ ತೆರಿಗೆ ಹೆಚ್ಚಿರುವ ರಾಜ್ಯಗಳ ಶ್ರೀಮಂತರನ್ನು ತಟ್ಟಿತು. 2025ರ ಕಾನೂನು ಅದನ್ನು 40,000ಕ್ಕೆ ಏರಿಸಿದೆ. ಪೋರ್ಟೊ ರಿಕೊವನ್ನು ಎರಡೂ ಬದಿಯಿಂದ ಹೊರಗಿಡಬೇಕು, ಏಕೆಂದರೆ ಅಲ್ಲಿನ ನಿವಾಸಿಗಳು ದ್ವೀಪದೊಳಗಿನ ಗಳಿಕೆಗೆ ಸಾಮಾನ್ಯವಾಗಿ ಫೆಡರಲ್ ಆದಾಯ ತೆರಿಗೆ ಕಟ್ಟುವುದಿಲ್ಲ, ಸಂಬಳದ ವಂತಿಗೆಯನ್ನು ಮಾತ್ರ ಕಟ್ಟುತ್ತಾರೆ.

ಉತ್ತರವನ್ನು ಬರೆಯುವಾಗ ವರ್ಷ, ತೆರಿಗೆಯ ಬಗೆ, ವಿಳಾಸದ ಆಧಾರ, ಭಾಗಿಸಿದ ಸಂಖ್ಯೆ ಈ ನಾಲ್ಕೂ ವಾಕ್ಯದೊಳಗೇ ಇರಲಿ. “2015ರ ಹಣಕಾಸು ವರ್ಷದಲ್ಲಿ, ಮರುಪಾವತಿ ಕಳೆಯದ ಐಆರ್‌ಎಸ್ ಸಂಗ್ರಹವನ್ನು ಪಾವತಿಯ ವಿಳಾಸದ ಪ್ರಕಾರ ವಿಂಗಡಿಸಿ ನಿವಾಸಿಗಳ ಸಂಖ್ಯೆಯಿಂದ ಭಾಗಿಸಿದಾಗ, ರಾಜ್ಯಗಳಲ್ಲಿ ಡೆಲಾವೇರ್ ಮೊದಲು” ಎಂಬ ವಾಕ್ಯ ಉದ್ದವಾಯಿತೆನಿಸಬಹುದು, ಆದರೆ ಅದನ್ನು ಯಾರೂ ಅಲ್ಲಗಳೆಯಲಾರರು.

ಕೊಟ್ಟದ್ದು ಮತ್ತು ಪಡೆದದ್ದು

ಈ ಲೆಕ್ಕ ಮುಗಿದ ಕೂಡಲೇ ಕೇಳುಗರು ಇನ್ನೊಂದು ಪ್ರಶ್ನೆಗೆ ಜಾರುತ್ತಾರೆ: ಕೊಟ್ಟದ್ದರಲ್ಲಿ ಮರಳಿ ಬಂದದ್ದೆಷ್ಟು? ಅದು ಬೇರೆಯೇ ಲೆಕ್ಕ. ನ್ಯೂಯಾರ್ಕ್‌ನ ಸೆನೆಟರ್ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1970ರ ದಶಕದಲ್ಲಿ ತಮ್ಮ ರಾಜ್ಯದ ಪರವಾಗಿ ಈ ಪ್ರಶ್ನೆಯನ್ನು ಎತ್ತಿ ವರ್ಷವರ್ಷವೂ ವರದಿ ಹೊರತಂದರು. ತೆರಿಗೆ ನೀತಿಯನ್ನು ಅಧ್ಯಯನ ಮಾಡುವ ಟ್ಯಾಕ್ಸ್ ಫೌಂಡೇಶನ್ ಎಂಬ ಸಂಸ್ಥೆ 2005ರ ಹಣಕಾಸು ವರ್ಷಕ್ಕೆ ಮಾಡಿದ ಲೆಕ್ಕದಲ್ಲಿ ನ್ಯೂಮೆಕ್ಸಿಕೊಗೆ ಪ್ರತಿ ಡಾಲರ್ ತೆರಿಗೆಗೆ 2.03 ಡಾಲರ್ ಫೆಡರಲ್ ವೆಚ್ಚ ಬಂದಿದ್ದರೆ ನ್ಯೂಜೆರ್ಸಿಗೆ 61 ಸೆಂಟ್ ಬಂದಿತ್ತು. ಆ ಅಂಕಿ ಇಂದಿಗೂ ಹೊಸದರಂತೆ ಹರಿದಾಡುತ್ತಿದೆ. ಎಲ್ಲಿಯಾದರೂ ಕಂಡರೆ ವರ್ಷವನ್ನು ನೋಡಿ. ವೆಚ್ಚವನ್ನು ರಾಜ್ಯವಾರು ಕೊಡುತ್ತಿದ್ದ ಜನಗಣತಿ ಕಾರ್ಯಾಲಯದ ವಾರ್ಷಿಕ ವರದಿ 2010ರ ಹಣಕಾಸು ವರ್ಷದೊಡನೆ ನಿಂತುಹೋದ್ದರಿಂದ ಅನಂತರದ ವರ್ಷಗಳಿಗೆ ಈ ಕೆಲಸ ಕಷ್ಟವಾಗಿದೆ.

ವೆಚ್ಚದ ಬದಿಯಲ್ಲೂ ವಿಳಾಸದ ತೊಡಕು ಹಾಗೆಯೇ ಇದೆ. ನ್ಯೂಮೆಕ್ಸಿಕೊದ ಅಂಕಿಯಲ್ಲಿ ಲಾಸ್ ಅಲಮಾಸ್ ಮತ್ತು ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯಗಳ ವೆಚ್ಚ ಸೇರಿದೆ, ವರ್ಜೀನಿಯಾದ ಅಂಕಿಯಲ್ಲಿ ನೌಕಾಪಡೆಯ ಹಡಗು ಕಟ್ಟುವ ವೆಚ್ಚ ಸೇರಿದೆ. ಇವು ಇಡೀ ದೇಶದ ರಕ್ಷಣೆಗೆ ಆದ ಖರ್ಚುಗಳು. ನ್ಯೂಜೆರ್ಸಿಯಲ್ಲಿ ಜೀವಮಾನವಿಡೀ ವಂತಿಗೆ ಕಟ್ಟಿ ಫ್ಲೋರಿಡಾದಲ್ಲಿ ನಿವೃತ್ತ ಜೀವನ ನಡೆಸುವವರ ಪಿಂಚಣಿ ಫ್ಲೋರಿಡಾ ಪಡೆದ ಲಾಭವಾಗಿ ದಾಖಲಾಗುತ್ತದೆ. 2020 ಮತ್ತು 2021ರಲ್ಲಿ ಕೋವಿಡ್ ನೆರವಿಗಾಗಿ ಫೆಡರಲ್ ಸರ್ಕಾರ ಅಪಾರ ಸಾಲ ಮಾಡಿ ಖರ್ಚು ಮಾಡಿದ್ದರಿಂದ ಬಹುತೇಕ ಎಲ್ಲ ರಾಜ್ಯಗಳೂ ಕೊಟ್ಟದ್ದಕ್ಕಿಂತ ಹೆಚ್ಚು ಪಡೆದಂತೆ ಕಾಣುತ್ತವೆ. ಆ ಎರಡು ವರ್ಷಗಳ ಕೋಷ್ಟಕವನ್ನು ಬಳಸಲೇಬೇಕಾದರೆ 2019ರ ಕೋಷ್ಟಕವನ್ನೂ ಪಕ್ಕದಲ್ಲಿಟ್ಟು, ಫೆಡರಲ್ ಕೊರತೆಯಲ್ಲಿ ಪ್ರತಿ ರಾಜ್ಯದ ಜನಸಂಖ್ಯೆಗೆ ತಕ್ಕ ಪಾಲನ್ನು ಪಡೆದ ಮೊತ್ತದಿಂದ ಕಳೆದು, ಆಮೇಲೆ ರಾಜ್ಯಗಳನ್ನು ಹೋಲಿಸಿ.